ದನಿ ಇಳಿಸಬ್ಯಾಡ ಅಪ್ಪಾ

ಹುಡುಗಿಯರ ಹಾಸ್ಟೆಲ್, ಜಮಖಂಡಿ
ಗುರುವಾರ, 18 ಸೆಪ್ಟೆಂಬರ್ 2025

ಅಪ್ಪಾ,

ನಿನಗೂ ಅವ್ವನಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ಗಣಪತಿ ಹಬ್ಬ ಆದಮೇಲೆ ನೀವಿಬ್ಬರೂ ಕರ್ಚಿಕಾಯಿ ಡಬ್ಬಿ ಹಿಡಿದು ಬಂದು ಹೋದಿರಲ್ಲ, ಅವತ್ತಿನಿಂದ ಬರೆಯಬೇಕು ಅಂತ ಕೂತು, 'ಅಪ್ಪಾ' ಅಂತ ಬರೆದು, ಮುಂದೇನು ಅಂತ ತಿಳಿಯದೆ ಹಾಳೆ ಹರಿಯುತ್ತಾ ಬಂದಿದ್ದೇನೆ. ತಡ ಆಯಿತು, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಈಗೀಗ ಅವ್ವನ ಕೈಗೆ ಕೊಟ್ಟು ಎದ್ದು ಹೋಗುತ್ತೀ. ವಿಡಿಯೋ ಕಾಲ್ ಮಾಡೋಣವೆಂದರೆ ಈ ಹಾಸ್ಟೆಲ್ಲಿನ ನೆಟ್‌ವರ್ಕಿನಲ್ಲಿ ತುಟಿ ಒಂದು ಕಡೆ ನಿಂತಿರುತ್ತದೆ, ಮಾತು ಇನ್ನೊಂದು ಕಡೆ. ಅದಕ್ಕೇ ಕಾಗದ. ರಬಕವಿಯ ನೇತ್ರಾ ಶನಿವಾರ ಊರಿಗೆ ಹೊಂಟಿದ್ದಾಳೆ. ಬನಹಟ್ಟಿಯಲ್ಲಿ ಇಳಿದು ನಿನ್ನ ಕೈಗೇ ಕೊಡುತ್ತಾಳೆ. ಆಕೆ ಯಾರು ಅನ್ನುವುದು ಮುಂದೆ ಬರುತ್ತದೆ.

ಇನ್ನೊಂದು ಮಾತು. ಬರೆಯಲು ಕೂತರೆ ನನಗೆ ಹಾಸ್ಟೆಲ್ ಸಾಲಿಯ ಪುಸ್ತಕದ ಕನ್ನಡ ಬರುತ್ತದೆ, ನಡುವೆ ಇಂಗ್ಲಿಷು ನುಸುಳುತ್ತದೆ. ಸಿಟ್ಟು ಬಂದಲ್ಲಿ ಮಾತ್ರ ಮನಿ ಮಾತು. ಹಂಗ ನೋಡಿದರ ಈ ಕಾಗದದಾಗ ಮನಿ ಮಾತು ಭಾಳ ಬರತೈತಿ.

ಊಟ ಪರವಾಗಿಲ್ಲ. ರೊಟ್ಟಿ ದಪ್ಪ, ಪಲ್ಯ ತೆಳು. ಬಿ.ಎಸ್ಸಿ. ಮೊದಲ ವರ್ಷದ ಪಾಠ ತಿಳಿಯುತ್ತಿದೆ, ಟೆನ್ಶನ್ ಇರುವುದು ಪಾಠದ್ದಲ್ಲ, ಹಾಜರಿಯದ್ದು. ನನ್ನ ಹೆಸರು ಹತ್ತಿರ ಬಂತೆಂದರೆ ಅಂಗೈ ಬೆವರುತ್ತದೆ. 'ಪ್ರೆಸೆಂಟ್ ಸರ್' ಅನ್ನುವುದು ನನ್ನ ಪಕ್ಕದವಳಿಗೂ ಕೇಳುವುದಿಲ್ಲ. ಕೆಮಿಸ್ಟ್ರಿ ಸರ್ ಕ್ಲಾಸಿನಲ್ಲಿ ಕೂತವಳಿಗೇ ಗೈರುಹಾಜರಿ ಹಾಕಿದ್ದಾರೆ. ನೆನಪಿದೆಯಾ, ಸಣ್ಣವಳಿದ್ದಾಗ ಮೊದಲ ಸಲ ಹಾಸ್ಟೆಲ್ ಸಾಲಿಗೆ ಬಿಟ್ಟಾಗ ನನ್ನ ಮಾತಿಗೆ ಇಡೀ ಊಟದ ಹಾಲ್ ತಿರುಗಿ ನೋಡಿತ್ತು. ಪವರ್‌ಲೂಮ್ ಮಗ್ಗದ ಸಪ್ಪಳದ ಮನೆಯಲ್ಲಿ ಬೆಳೆದ ಹುಡುಗಿ, ಮತ್ತೆ ಹೇಗೆ ಮಾತಾಡಬೇಕು? 'ಸಾಫ್ಟ್ಲಿ, ಸಾಫ್ಟ್ಲಿ' ಅಂತ ಅಂದೂ ಅಂದೂ ನನ್ನ ದನಿಯನ್ನು ಅವರು ಅರೆದು ಪುಡಿ ಮಾಡಿದರು. ಆ ಪುಡಿ ಕಟ್ಟಿಕೊಂಡೇ ಜಮಖಂಡಿಗೆ ಬಂದೆ.

ಇಲ್ಲಿ ನನ್ನ ರೂಮಿನವಳು ಶೀತಲ. ಜಮಖಂಡಿ ಕೋರ್ಟಿನ ವಕೀಲರ ಸಂಬಂಧಿ, ಯಾರ ಮುಂದೆಯೂ ಹೆದರದವಳು. ನನ್ನ ಇಂಗ್ಲಿಷ್ ನೋಡಿ ತನ್ನ ಗುಂಪಿಗೆ ಸೇರಿಸಿಕೊಂಡಳು. ಕ್ಯಾಂಟೀನಿನಲ್ಲಿ ಅವರದೊಂದು ಟೇಬಲ್ ಇದೆ. ಅಲ್ಲಿ ಕುರ್ಚಿ ಸಿಗುವುದೆಂದರೆ ಏನು ಅಂತ ನಿನಗೆ ಹೇಗೆ ಹೇಳಲಿ? ಒಬ್ಬಳೇ ಕೂತು ಉಣ್ಣುವುದು, ಯಾರೂ ನೋಡದಿದ್ದರೂ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸುವುದು ಒಮ್ಮೆಗೇ ತಪ್ಪಿತು. ಅಲ್ಲಿ ನಾನು ಅನಸವ್ವ ಅಲ್ಲ, ಬರೀ ಅನು.

ಅಷ್ಟರಲ್ಲಿ ನೀನು ಬಂದೆ. ಗೇಟಿನಲ್ಲಿ ನಿಂತು 'ಅನಸವ್ವಾ' ಅಂತ ಒದರಿದೆ. ಮೂರನೇ ಮಾಳಿಗೆಯ ನನಗೆ ಕೇಳಿತು, ವಾರ್ಡನ್ ಮೇಡಮ್‌ಗೆ ಕೇಳಿತು, ರಸ್ತೆ ಆಚೆ ಬಾಳೆಹಣ್ಣು ಮಾರುವವನೂ ಎದ್ದು ನಿಂತನಂತೆ. ಮೆಟ್ಟಿಲ ಮೇಲೆ ಶೀತಲ ಮತ್ತು ಉಳಿದವರು ನಗುತ್ತಿದ್ದುದನ್ನು ನೀನು ನೋಡಿದೆ.

ಆ ನಗು ಅಲ್ಲಿಗೇ ನಿಲ್ಲಲಿಲ್ಲ. ಫ್ರೆಶರ್ಸ್ ಡೇಗೆ ಪ್ರತಿ ಕ್ಲಾಸಿನವರೂ ಒಂದು ನಾಟಕ ಮಾಡಬೇಕಿತ್ತು. ನಮ್ಮ ಕ್ಲಾಸಿನ ಸಿದ್ದಾರ್ಥ ಬರೆದದ್ದು ಏನು ಗೊತ್ತೇ? ಬನಹಟ್ಟಿಯಿಂದ ಒಬ್ಬ ಕಿವುಡ ಅಪ್ಪ ಹುಡುಗಿಯರ ಹಾಸ್ಟೆಲ್ಲಿಗೆ ಬರುತ್ತಾನೆ, ಒದರುತ್ತಾನೆ, ಎಲ್ಲರೂ ಹೆದರಿ ಓಡುತ್ತಾರೆ. ಆ ಅಪ್ಪನ ಪಾರ್ಟ್ ನಾನೇ ಮಾಡಬೇಕಂತೆ. ಶೀತಲ ನನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳುವವಳ ಹಾಗೆ ಅಂದಳು, "ನೀನ ಮೊದಲ ನಕ್ಕಬಿಡು ಅನು. ಆಮ್ಯಾಲ ನಿನ್ನ ನೋಡಿ ನಗವರು ಯಾರೂ ಉಳಿಯೂದಿಲ್ಲ." ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ಹೂಂ ಅಂತಲೇ ಹಿಡಿದರು. ಮಾಡದಿದ್ದರೆ ಆ ಕುರ್ಚಿ ಹೋಗುತ್ತದೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಕಾಡಿಗೆಯಲ್ಲಿ ನನಗೆ ಮೀಸೆ ಬರೆದರು. ಹೆಗಲಿಗೆ ಟಾವೆಲ್ ಹಾಕಿದರು. ಪರದೆ ಸರಿಯಿತು. ಇಡೀ ಕಾಲೇಜು ಕೂತಿತ್ತು, ನಾನು ಒದರುವುದೊಂದೇ ಬಾಕಿ. ಟಾವೆಲ್ಲಿನ ತುದಿ ಹಿಡಿದೆ. ನೀನು ಮಗ್ಗ ನಿಂತಾಗ ಬೆವರು ಒರೆಸಿಕೊಳ್ಳುವ ಹಾಗೆ ನನ್ನ ಕೈ ತಾನೇ ಮುಖಕ್ಕೆ ಹೋಯಿತು, ಮೀಸೆ ಅರ್ಧ ಅಳಿಸಿತು. ಜನ ನಕ್ಕರು. ಆಗ ಸಿಟ್ಟು ಬಂತು.

ಮೈಕ್ ಬಂದ್ ಮಾಡಿ ಕೆಳಗಿಟ್ನಿ. ಮಗ್ಗದ ಮನ್ಯಾಗಿನ ದನಿ ತಗದ್ನಿ. ಕಡೀ ಬೆಂಚಿನವರಿಗೂ ಕೇಳೂವಂಗ ಹೇಳಿದ್ನಿ: "ಈ ನಾಟಕದಾಗಿನ ಅಪ್ಪ ನಮ್ಮಪ್ಪ. ಮಗ್ಗ ನಡದಾಗ ಮಗ್ಗುಲದಾಗ ನಿಂತಾಂವ ಒದರಿದ್ರೂ ಕೇಳೂದಿಲ್ಲ. ಅಲ್ಲಿ ಮಾತಾಡೂದು ಹೆಂಗ ಅಂತ ಈಗ ತೋರಸ್ತೇನಿ. ತಿಳದವರು ಉತ್ತರ ಕೊಡ್ರಿ."

ಆಮ್ಯಾಲ ದನಿ ಇಲ್ಲದ, ಬರೇ ತುಟೀಲೆ, ನೀ ಮಧ್ಯಾಹ್ನ ಮಗ್ಗದ ಆ ತುದೀಲಿಂದ ಅವ್ವಗ ಕೇಳತೀಯಲ್ಲ, ಅದನ್ನ ಕೇಳಿದ್ನಿ: ಚಾ ಆತೇನು?

ಮೈಕ್ ಹಾಕ್ರೆಪ್ಪಾ ಅಂತ ಯಾರೋ ಅಂದರು. ಸಿದ್ದಾರ್ಥ ಪರದೆಯ ಹಿಂದಿನಿಂದ ಒದರು, ಒದರು ಅಂತ ಕೈಸನ್ನೆ ಮಾಡುತ್ತಿದ್ದ. ನಾನು ಮತ್ತೊಮ್ಮೆ ಕೇಳಿದೆ. ಯಾರಿಗೂ ತಿಳಿಯಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅಷ್ಟರಾಗ ಹಿಂದಿನ ಬಾಗಿಲ ಹತ್ತಿರ ಒಬ್ಬ ಹುಡುಗಿ ಎದ್ದು ನಿಂತಳು. ಅದೇ ನೇತ್ರಾ. ಒಂದೇ ಕ್ಲಾಸಿನವರಾದರೂ ನಾವಿಬ್ಬರೂ ಮಾತಾಡಿದವರಲ್ಲ. ಅಪ್ಪ ಬಿಸಿನೆಸ್ ಮಾಡುತ್ತಾನೆ ಅಂತ ಎಲ್ಲರ ಮುಂದೆ ಹೇಳಿಕೊಂಡಿದ್ದಳು. ಅಷ್ಟು ದೂರದಿಂದ, ಒಂದಿಷ್ಟೂ ದನಿ ಇಲ್ಲದೆ, ತುಟಿಯಲ್ಲೇ ಅಂದಳು: ಮೊದಲ ನಿನ್ನ ಮಗ್ಗದ ಎಳಿ ಹರದೈತಿ, ಅದನ್ನ ನೋಡು. ಚಾ ಆಮ್ಯಾಲ.

ಆಕಿದೂ ಮಗ್ಗದ ಮನೀನ! ನನಗ ನಗಿ ತಡೀಲಿಲ್ಲ. ಆಕಿಗೂ ತಡೀಲಿಲ್ಲ. ಅಷ್ಟು ಮಂದಿ ನಡುವ ಇಬ್ಬರ ನಗಾಕತ್ತಿದ್ವಿ, ಉಳಿದವರೆಲ್ಲ ಒಮ್ಮೆ ನನ್ನ ಮಾರಿ ಒಮ್ಮೆ ಆಕಿ ಮಾರಿ ನೋಡಾಕತ್ತಿದ್ರು. ಯಾಕ ನಗತೀರಿ, ಏನಂದಳು, ಅಂತ ಮುಂದಿನ ಸಾಲಿನ್ಯಾಗಿನ ಮೇಡಮ್ ಕೇಳಿದರು. ನಾವು ಹೇಳಲಿಲ್ಲ. ನಾ ಕೈ ಮುಗದು ಇಳದು ಬಂದ್ನಿ. ನಾಟಕ ಅಷ್ಟ.

ಚಪ್ಪಾಳೆ ಬಿತ್ತು ಅಂತ ತಿಳಿಯಬೇಡ. ಕೆಲವರು ತಟ್ಟಿದರು, ಬಹಳ ಮಂದಿಗೆ ಏನಾಯಿತೆಂದೇ ತಿಳಿಯಲಿಲ್ಲ. ನಮ್ಮ ಕ್ಲಾಸಿಗೆ ಬಹುಮಾನ ಇಲ್ಲ. ರೂಮಿಗೆ ಬಂದ ಶೀತಲ, ನಾಟಕ ಕೆಡಿಸಿದಿ ಅಂದಳು. ಹೌದು, ಕೆಡಿಸೇನಿ ಅಂದೆ. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದು ಮಾಡುವುದೇನಿತ್ತು, ಸ್ವಲ್ಪ ಅಡ್ಜಸ್ಟ್ ಆಗಲು ಬರುವುದಿಲ್ಲವಾ ಅಂತ ಕೇಳಿದಳು. ಅದಕ್ಕೆ ನಾನು ಕೊಟ್ಟ ಉತ್ತರ ಹಾಸ್ಟೆಲ್ ಸಾಲಿಯಲ್ಲಿ ಕಲಿಸಿದ್ದಲ್ಲ: "ಅಡ್ಜಸ್ಟ್ ಆಗಿ ಆಗಿ ಹಾಜರಿಯಾಗೂ ನಾ ಇಲ್ಲಂಗ ಆಗೇನಿ. ಇನ್ನ ಸಾಕು." ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು. ಕುರ್ಚಿಯೂ ಹೋಯಿತು. ರಾತ್ರಿ ಸ್ವಲ್ಪ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಕ್ಯಾಂಟೀನಿನ ಮೂಲೆಯ ಬೆಂಚಿಗೆ ಹೋದರೆ ನೇತ್ರಾ ಡಬ್ಬಿ ಬಿಚ್ಚಿ ಕೂತಿದ್ದಳು. ಈಗ ದಿನಾ ಅಲ್ಲೇ. ಕ್ಲಾಸಿನಲ್ಲಿ ಆ ತುದಿ ಈ ತುದಿ ಕೂತು ಸರ್ ಕಣ್ಣ ಮುಂದೆಯೇ ಮಾತಾಡುತ್ತೇವೆ, ಒಬ್ಬರೂ ಹಿಡಿದಿಲ್ಲ. ಮತ್ತೆ ಹಾಜರಿ: ಕೆಮಿಸ್ಟ್ರಿ ಸರ್ ನನ್ನ ಹೆಸರು ಕರೆದಾಗ ಪೂರಾ ದನಿಯಲ್ಲಿ ಓ ಅಂದೆ. ಸರ್ ಪೆನ್ನು ಜಾರಿಬಿತ್ತು. "ನಾ ಇಲ್ಲೇ ಅದೇನಿ ಬೇ ತಂಗಿ, ಆಚಿ ಊರು ಹುನ್ನೂರಾಗಲ್ಲ" ಅಂದರು. ಎಲ್ಲರೂ ನಕ್ಕರು. ಅಂಗೈ ಬೆವರಿತು, ಆದರೂ ನಾನು ತಲೆ ತಗ್ಗಿಸಲಿಲ್ಲ. ಹಾಜರಿ ಬಿತ್ತು.

ಮುಂದಿನ ರವಿವಾರ ಕಾಲೇಜಿನಲ್ಲಿ ಪಾಲಕರ ಸಭೆ ಇದೆ. ಅವ್ವ ಒಬ್ಬಳೇ ಬರುತ್ತೇನೆ ಅಂದಳು, ನಿನಗೆ ಕೆಲಸ ಅಂತೆ. ರವಿವಾರ ಯಾವ ಮಗ್ಗ ನಡೆಯುತ್ತದೆ, ಅಪ್ಪಾ? ನೀನು ಬರಬೇಕು. ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು. ನಿಮ್ಮಿಬ್ಬರ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಅದನ್ನೂ ಮೆಲ್ಲಗೆ ಮಾಡಬೇಡಿರಿ.

ನಿನ್ನ ಮಗಳು
ಅನಸವ್ವ

ತಾ.ಕ.: ಅವತ್ತು ಮೆಟ್ಟಿಲ ಮೇಲಿನ ನಗು ನೋಡಿದ ಮೇಲೆ ನೀ ದನಿ ಇಳಿಸಿದಿ. ಹುಟ್ಟಿದಾಗಿಂದ ನೀ ನನ್ನ ಕೂಡ ಅಷ್ಟು ಸಣ್ಣ ದನೀಲೆ ಮಾತಾಡಿರಲಿಲ್ಲ. ಆರಾಮ ಅದಿಯೇನ್ ಬೇ ಅಂದದ್ದು ನನಗ ಕೇಳಲಿಲ್ಲ, ನಿನ್ನ ತುಟಿ ನೋಡಿ ತಿಳಕೊಂಡ್ನಿ. ಆಮ್ಯಾಲ ಬಸ್ ಹತ್ತಿ, ಕಿಡಕಿ ಗಾಜಿನ ಒಳಗ ಕುಂತು ಅವ್ವಗ ಅಂದಿ: "ಇನ್ನ ನಾ ಇಲ್ಲಿ ಬರೂದಿಲ್ಲ. ನನ್ನ ದನಿಗೆ ಹುಡುಗಿ ನಾಚತೈತಿ. ನೀನ ಬಂದು ಹೋಗು." ನಾ ಕೆಳಗ ನಿಂತು ಕೈ ಬೀಸಾಕತ್ತಿದ್ನಿ. ತುಟಿ ಓದಾಕ ಕಲಿಸಿದಾಂವ ನೀನ, ಅದು ನಿನಗ ಹೆಂಗ ಮರೀತು? ನಾಚಿಲ್ಲ ನಾ. ರವಿವಾರ ಬಂದು ಗೇಟಿನ ಹೊರಗ ನಿಂತು ಮೊದಲಿನಂಗ ಒದರು. ನಾ ಮ್ಯಾಲಿಂದ ಓ ಅಂತೇನಿ. ನಿನಗ ಕೇಳಲಿಲ್ಲಂದ್ರ ಕಿಡಕ್ಯಾಗ ನನ್ನ ತುಟಿ ನೋಡು.