ಚಪ್ಪಾಳೆ ಬೇಡ, ಒಂದು ಬಾಗಿಲು ಕೊಡಿ

ಆರೋಗ್ಯ ಶಿಬಿರಗಳ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಾವು ನಮ್ಮೂರಿನಲ್ಲಿ ನಡೆಸಿದ ಆರೋಗ್ಯ ಶಿಬಿರದಿಂದ ನನ್ನ ವಾರಗಿತ್ತಿಯ ಆರೋಗ್ಯ ಕೆಟ್ಟಿದೆ. ಇಷ್ಟು ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ತಾವು ಯಾವ ಕಾಗದದಲ್ಲೂ ಮೇಲಿನ ಒಂದು ಸಾಲು ಓದಿ ಕೆಳಗೆ ಸಹಿ ಹಾಕುವವರು, ನಡುವೆ ಏನಿದೆ ಎಂದು ನೋಡುವ ಅಭ್ಯಾಸ ತಮಗಿಲ್ಲ ಎಂದು ತಮ್ಮ ಕಚೇರಿಯವರೇ ಹೇಳುತ್ತಾರೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ. ತಾವು ಓದದಿದ್ದರೆ ಬೇಡ, ತಮ್ಮ ಅಕ್ಕಪಕ್ಕದ ಮನೆಯವರಾದರೂ ಓದಲಿ.

ನಾನು ಲತ. ಕ್ಯಾತನಹಳ್ಳಿ ದಾಟಿ ತೊಣ್ಣೂರಿನ ಕಡೆ ಬರುವಾಗ ಸಿಗುವ ಒಂದು ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಮಮತ ನನ್ನ ಮೈದುನ ಲೋಕೇಶನ ಹೆಂಡತಿ. ಎರಡನೇ ಬಾಣಂತನ ಮುಗಿಯುವ ಮೊದಲೇ ಕಬ್ಬಿನ ಗದ್ದೆಗೆ ಇಳಿದು ಸೋಗೆ ಹೊರೆ ಹೊತ್ತವಳು. ಅವಳ ಗರ್ಭಕೋಶ ಜಾರಿದೆ. ನಮ್ಮ ಕಡೆ ಹೆಂಗಸರು ಈ ಮಾತನ್ನು ಆಡುವುದಿಲ್ಲ, 'ಸೊಂಟ ನೋವು' ಅನ್ನುತ್ತಾರೆ. ಹೊಕ್ಕಳಿನಿಂದ ಕೆಳಗೆ ಇರುವುದೆಲ್ಲ ನಮಗೆ ಸೊಂಟವೇ. ತಮ್ಮ ಆಸ್ಪತ್ರೆಯಲ್ಲಿ ಅದನ್ನು ಸೊಂಟವೆಂದೇ ನಂಬಿ ಮುಲಾಮು ಕೊಟ್ಟು ಕಳಿಸುತ್ತಾರೆ. ನಡೆದರೆ ಭಾರ, ಕೆಮ್ಮಿದರೆ ಬಟ್ಟೆ ಒದ್ದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಒರೆಸಿಕೊಂಡರೂ ತನ್ನಿಂದಲೇ ವಾಸನೆ ಬಂತೇನೋ ಎಂಬ ಅನುಮಾನ. ಗಂಡ ಹತ್ತಿರ ಬಂದರೆ ಗೋಡೆ ಕಡೆ ಮುಖ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. "ಅಕ್ಕ, ನನ್ ಮೈ ಕಂಡ್ರೆ ನಂಗೇ ಅಸಯ್ಯ ಆಯ್ತದೆ. ಯಾಕಾದ್ರೂ ಬದ್ಕಿದ್ದೀನೋ," ಎಂದು ನನ್ನ ಅಂಗಡಿಯಲ್ಲಿ ಕೂತು ಅತ್ತಿದ್ದಳು. ಜಾರಿದ್ದು ಗರ್ಭಕೋಶ ಮಾತ್ರ, ಮನಸ್ಸು ಇದ್ದ ಜಾಗದಲ್ಲೇ ಭದ್ರವಾಗಿ ಕೂತಿರುತ್ತದೆ ಎಂದು ತಮಗೆ ಹೇಳಿಕೊಟ್ಟವರು ಯಾರು?

ಶಿಬಿರದ ಬ್ಯಾನರಿನಲ್ಲಿ 'ಮನಸ್ಸು ಬಿಚ್ಚಿ ಮಾತನಾಡಿ' ಎಂದು ದೊಡ್ಡದಾಗಿ ಬರೆಸಿದ್ದಿರಿ. ಸರ್ಕಾರ ಬರೆಸಿದ್ದನ್ನು ನಿಜವೆಂದು ನಂಬುವ ಹೆಂಗಸು ಈ ಸೀಮೆಯಲ್ಲಿ ಒಬ್ಬಳಿದ್ದಳು, ಅವಳು ಮಮತ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಅದರ ಕೆಳಗೆ ಊರಿಗೂರೇ ಇತ್ತು. ಮಾವಂದಿರು, ಭಾವಂದಿರು, ಡೈರಿಗೆ ಹಾಲು ಹಾಕಿ ಬಂದವರು, ಕೆಲಸವಿಲ್ಲದೆ ಬಂದವರು. ತಮ್ಮ ಭಾಷಣ ಮುಗಿದ ಮೇಲೆ ಮೈಕು ಚಲುವರಾಜುವಿನ ಕೈಗೆ ಹೋಯಿತು. ಅವನು ನಮ್ಮೂರಿನವನೇ. ಆರ್ಕೆಸ್ಟ್ರಾ, ಕಬಡ್ಡಿ, ಬೀಗರೂಟ, ಯಾವುದಿದ್ದರೂ ಅವನದೇ ಗಂಟಲು. ತಮ್ಮವರು ಕೊಟ್ಟ ಚೀಟಿಯನ್ನು ಅವನು ರಾಗವಾಗಿ ಓದಿದ: "ಗರ್ಭಕೋಶದ ತೊಂದರೆ ಇರುವಂಥ ಮಹಿಳೆಯರು ದಯವಿಟ್ಟು ಎದ್ದು ಬಲಗಡೆ ಸಾಲಿನಲ್ಲಿ ನಿಲ್ಲಬೇಕು."

ಯಾರು ಏಳುತ್ತಾರೆ ಸ್ವಾಮಿ? ಮಮತ ಎದ್ದಳು. ಪಕ್ಕದಲ್ಲಿದ್ದ ನಮ್ಮತ್ತೆ ಸಿದ್ದಲಿಂಗಮ್ಮ ಅವಳ ಸೆರಗು ಹಿಡಿದು "ಕೂತ್ಕೊಳಮ್ಮಿ" ಎಂದು ಎಳೆಯುವಷ್ಟರಲ್ಲಿ ಚಲುವರಾಜು ನೋಡಿಬಿಟ್ಟಿದ್ದ. "ಒಬ್ಬ ಧೈರ್ಯವಂತ ಸೋದರಿ ಎದ್ದು ನಿಂತವ್ರೆ, ನಮ್ಮ ಲೋಕೇಶಣ್ಣನ ಮನೆಯವರು. ಜೋರಾದ ಚಪ್ಪಾಳೆ ಬರ್ಲಿ." ಬಂತು. ವೇದಿಕೆಯ ಮೇಲಿನಿಂದ ತಾವೂ ಹೊಡೆದಿರಿ, ನಗುನಗುತ್ತಾ. ಚಲುವರಾಜುವನ್ನು ನಾನು ಬೈಯುವುದಿಲ್ಲ. ಅವನಿಗೆ ಮೈಕು ಕೊಟ್ಟರೆ ಚಪ್ಪಾಳೆ ಹೊಡೆಸುತ್ತಾನೆ, ಅವನ ಕಸುಬೇ ಅದು. ಹೆಂಗಸಿನ ಕಾಯಿಲೆಯನ್ನು ಅವನ ಕೈಗೆ ಕೊಟ್ಟವರ ಕಸುಬು ಯಾವುದು?

ಅರ್ಧ ಪರದೆಯ ಹಿಂದಿದ್ದ ಡಾಕ್ಟರು ಅವಳನ್ನು ಸರಿಯಾಗಿ ಕೂರಿಸಲೂ ಇಲ್ಲ. "ಮಕ್ಳಾಗಿದೆಯಲ್ಲ, ತೆಗೆಸಿಬಿಡಿ" ಅಂದರು. ಇನ್ನು ಬೇಡದ ಹಳೇ ಬೀರುವಿನ ಬಗ್ಗೆಯೂ ಜನ ಇದಕ್ಕಿಂತ ಹೆಚ್ಚು ಯೋಚಿಸುತ್ತಾರೆ. ಬೇರೆ ದಾರಿ ಇದೆಯೇ ಎಂದು ಅವಳು ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿರಲಿಲ್ಲ. ನಿದ್ದೆ ಬರುತ್ತಿಲ್ಲ, ಬದುಕೇ ಬೇಡವೆನ್ನಿಸುತ್ತದೆ ಎಂದು ಮಾತ್ರ ಹೇಳಿದಳು. "ಟೆನ್ಷನ್ ಮಾಡ್ಕೋಬೇಡಿ" ಎಂದವರು ಇನ್ನೊಂದು ಚೀಟಿ ಬರೆದರು. ಆ ಚೀಟಿಯೂ ಮೈಕಿಗೇ ಹೋಯಿತು. "ಮಮತ ಕೋಂ ಲೋಕೇಶ, ಮಾನಸಿಕ ರೋಗ ವಿಭಾಗಕ್ಕೆ ಬರಬೇಕು." ಹೋದಳು. ಆ ವಿಭಾಗದಲ್ಲಿ ಒಂದು ಮೇಜು, ಒಂದು ಕುರ್ಚಿ. ಆಪ್ತ ಸಲಹೆಗಾರರನ್ನು ಆವತ್ತು ನಾಗಮಂಗಲದ ಕಡೆ ಕಳಿಸಿದ್ದರಂತೆ. ಕುರ್ಚಿಯ ಮೇಲೆ ತಮಗೆ ಹಾಕಿ ತೆಗೆದಿದ್ದ ಸೇವಂತಿಗೆ ಹಾರ ಕೂತಿತ್ತು. ಮನಸ್ಸು ಬಿಚ್ಚಿ ಮಾತನಾಡಲು ತಾವು ನಮಗೆ ಒದಗಿಸಿದ್ದು ಆ ಹಾರವನ್ನು. ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದು ಮನೆಗೆ ಬಂದಳು.

ಅವತ್ತಿನಿಂದ ಊರಿನ ಪೋಲಿಗಳ ಬಾಯಲ್ಲಿ ಅವಳು 'ಚಪ್ಪಾಳೆ ಮಮತ'. ಮಗಳು ಸ್ನೇಹಳಿಗೆ ಶಾಲೆಯಲ್ಲಿ ಓಟದ ಬಹುಮಾನ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ್ದು ಮಗುವಿಗೆ. ತಾಯಿ ಬೆವತುಹೋಗಿ ಎದ್ದು ಓಡಿಬಂದಳು. ವೇದಿಕೆಯ ಮೇಲೆ ಮಗು ಅಮ್ಮನನ್ನು ಹುಡುಕುತ್ತಾ ನಿಂತಿತ್ತು. ಆಮೇಲೆ ಗದ್ದೆ ಬಿಟ್ಟಳು, ಸಂತೆ ಬಿಟ್ಟಳು, ನನ್ನ ಅಂಗಡಿಗೆ ಬರುವುದನ್ನೂ ಬಿಟ್ಟಳು. ಒಂದು ಸಂಜೆ ತೊಣ್ಣೂರು ಕೆರೆ ಏರಿಯ ಮೇಲೆ ಒಬ್ಬಳೇ ನಿಂತಿದ್ದವಳನ್ನು ಲೋಕೇಶ ಮನೆಗೆ ಕರೆತಂದ. ಆಸ್ಪತ್ರೆ ಎಂಬ ಮಾತೆತ್ತಿದರೆ ಈಗ ಅವಳು ಎದ್ದು ಒಳಗೆ ಹೋಗಿಬಿಡುತ್ತಾಳೆ. ಇತ್ತ ತಾವು ಪತ್ರಿಕೆಯವರಿಗೆ ಹೇಳಿಕೆ ಕೊಟ್ಟಿರಿ: ಈ ಭಾಗದಲ್ಲಿ ಗರ್ಭಕೋಶದ ಸಮಸ್ಯೆ ಒಬ್ಬರಲ್ಲಿ ಮಾತ್ರ ಕಂಡುಬಂದಿದೆ, ಮಹಿಳೆಯರ ಆರೋಗ್ಯ ತೃಪ್ತಿಕರವಾಗಿದೆ. ತಮ್ಮ ತೃಪ್ತಿಗೆ ನಮ್ಮ ಅಭಿನಂದನೆಗಳು.

ಇನ್ನೊಂದು ವಿಷಯ. ಶಿಬಿರ ಮುಗಿದ ಮೇಲೆ ತಾವು ಅದೇ ಡಾಕ್ಟರನ್ನು ತಮ್ಮ ಕಾರಿಗೆ ಕರೆದಿರಿ. ಡ್ರೈವರನ್ನು ಕೆಳಗಿಳಿಸಿದಿರಿ, ಗಾಜು ಏರಿಸಿದಿರಿ. ಶಾಲೆಯ ಗೇಟಿನಲ್ಲಿ ನಿಂತಿದ್ದ ನನಗೆ ಡಾಕ್ಟರು ಚೀಟಿ ಬರೆದುಕೊಟ್ಟಿದ್ದು ಮಾತ್ರ ಕಂಡಿತು. ತಮ್ಮ ಕಾಯಿಲೆ ಏನೆಂದು ನನಗೆ ತಿಳಿಯಲಿಲ್ಲ. ತಿಳಿಯಬಾರದೆಂದೇ ಅಲ್ಲವೇ ಗಾಜು ಇರುವುದು? ಹಾಗಾದರೆ ಮರೆಯ ಬೆಲೆ ತಮಗೆ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದೆ ಮಾಡಿದ್ದರೆ ಅಜ್ಞಾನ ಎಂದು ಸುಮ್ಮನಿರಬಹುದಿತ್ತು.

ಮೊನ್ನೆ ಊರಿಗೆ ಮೈಕು ಕಟ್ಟಿದ ಆಟೋ ಬಂತು, ಅದೇ ಚಲುವರಾಜುವಿನ ದನಿ. ಮುಂದಿನ ವಾರ ಮತ್ತೆ ಶಿಬಿರವಂತೆ. ಸದ್ದು ಕೇಳಿದ ಕೂಡಲೇ ಮಮತ ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ನಾವು ಕರೆದರೂ ತೆಗೆಯಲಿಲ್ಲ. ಹೆದರಿ ಬಾಗಿಲು ಒಡೆಯೋಣವೆಂದೆ. ಅತ್ತೆ ನನ್ನನ್ನು ತಡೆದು, ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. ಬಾಗಿಲಿಗೇ ಹೇಳುವವರಂತೆ ಮೆಲ್ಲಗೆ ಹೇಳಿದರು:

"ನಂಗೂ ಇಳ್ದದೆ ಕಣಮ್ಮಿ. ನಿನ್ ಗಂಡ ಹುಟ್ಟಿದಾಗ್ಲಿಂದ. ಬಟ್ಟೆ ಸುತ್ಕೊಂಡು ಓಡಾಡ್ತಾ ಇವ್ನಿ. ನಿಮ್ಮಾವಂಗೂ ಹೇಳ್ನಿಲ್ಲ."

ಒಳಗಿನಿಂದಲೇ ಮಮತ ಕೇಳಿದಳು: "ಅಂಗಾರೆ ಅವತ್ತು ನೀವ್ಯಾಕತ್ತೆ ಏಳ್ನಿಲ್ಲ?"

"ಎದ್ದಿದ್ರೆ ಇನ್ನೊಂದು ಸಲ ಚಪ್ಪಾಳೆ ಹೊಡ್ಸೋನು."

ಒಳಗಿನಿಂದ ಒಂದು ನಗು ಬಂತು, ಅದರ ಹಿಂದೆಯೇ ಅಳು. ಚಿಲಕ ತೆಗೆದ ಸದ್ದು ಕೇಳಿತು. ಬ್ಯಾನರು, ಶಾಮಿಯಾನ, ಭಾಷಣ ಎಲ್ಲ ಸೇರಿ ಮಾಡಲಾಗದ್ದನ್ನು ನಮ್ಮ ಬಚ್ಚಲಿನ ತಗಡಿನ ಬಾಗಿಲು ಮಾಡಿತು. ತಮ್ಮ ಲೆಕ್ಕದಲ್ಲಿ ಊರಿಗೆ ಒಬ್ಬಳೇ ಇದ್ದಳಲ್ಲ, ನಮ್ಮ ಒಂದು ಮನೆಯಲ್ಲೇ ಇಬ್ಬರು ಸಿಕ್ಕರು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಚ್ಚುವ ಬಾಗಿಲಿರುವ ಒಂದು ಕೋಣೆ ಬೇಕು. ಒಳಗೆ ಒಬ್ಬ ಹೆಣ್ಣು ಡಾಕ್ಟರು ಬೇಕು, ಮೈ ನೋಡಿದ ಮೇಲೆ ಮನಸ್ಸನ್ನೂ ಕೇಳುವ ಪುರುಸೊತ್ತು ಇರುವವರು. ಆಪ್ತ ಸಲಹೆಗಾರರ ಕುರ್ಚಿಯ ಮೇಲೆ ಆಪ್ತ ಸಲಹೆಗಾರರೇ ಕೂರಬೇಕು. ಇಷ್ಟಾದರೆ ಮಮತಳನ್ನು ನಾನೇ ಕರೆತರುತ್ತೇನೆ, ಅತ್ತೆಯೂ ಬರುತ್ತಾರೆ. ಕೋಣೆಗೆ ಬಾಗಿಲಿಲ್ಲ ಎಂಬ ನೆಪ ಬೇಡ. ನಮ್ಮ ಬಚ್ಚಲಿನದನ್ನೇ ಕಳಚಿ ತಂದುಕೊಡುತ್ತೇವೆ.

ಇಲ್ಲ, ಮೈಕೇ ಆಗಬೇಕು ಎನ್ನುವುದಾದರೆ ಹಾಗೇ ಆಗಲಿ. ಮೊದಲು ತಾವು ಎದ್ದು ನಿಂತು, ಕಾರಿನ ಗಾಜಿನೊಳಗೆ ಡಾಕ್ಟರಿಗೆ ಹೇಳಿದ್ದನ್ನು ಅದರಲ್ಲಿ ಹೇಳಿ. ಊರಿನ ಹೆಂಗಸರೆಲ್ಲ ಮುಂದಿನ ಸಾಲಿನಲ್ಲೇ ಕೂತಿರುತ್ತೇವೆ. ಚಪ್ಪಾಳೆ ತಟ್ಟಲು ನಮಗೂ ಬರುತ್ತದೆ.

ಇಂತಿ,
ತಮ್ಮ ಹೇಳಿಕೆಯ ಪ್ರಕಾರ ತೃಪ್ತಿಕರವಾಗಿರುವ ಹೆಂಗಸರ ಪೈಕಿ ಒಬ್ಬಳು,
ಲತ