ಗ್ರೂಪಿಗೆ ಹಾಕಿದ ರಿಪೋರ್ಟು

ಪೀತಮ್‌ಪುರ, ದಿಲ್ಲಿ
ಗುರುವಾರ, ೧೪ ನವೆಂಬರ್ ೨೦೨೪

ಚಿರಂಜೀವಿ ಚಂದ್ರಮೋಹನನಿಗೆ ಅಮ್ಮನ ಆಶೀರ್ವಾದ.

ಗುವಾಹಟಿಯ ಹವಾ ಒಗ್ಗಿತೇನಪ್ಪ? ಎದೆಯುರಿ ಹೇಗಿದೆ? ಮೆಸ್ಸಿನವನು ಸಾಸಿವೆ ಎಣ್ಣೆ ಸುರಿದರೆ ಮೊಸರನ್ನ ಉಣ್ಣು. ಇಲ್ಲಿ ಹೊಗೆಗೆ ನನಗೆ ಕೆಮ್ಮು, ಸಾಯುವಂಥದ್ದಲ್ಲ. ಫೋನಿನಲ್ಲಿ ಬಾಯಿ ತೆಗೆದರೆ ‘ಅಚ್ಛಾ ಅಮ್ಮಾ, ಮೀಟಿಂಗು’ ಅಂತ ಇಟ್ಟುಬಿಡ್ತೀಯ, ಅದಕ್ಕೇ ಬರೆಯೋದು. ಮೊಮ್ಮಗಳು ಧನ್ಯಾ ಇದರ ಫೋಟೊ ತೆಗೆದು ನಿನ್ನ ಮೊಬೈಲಿಗೆ ಕಳಿಸ್ತಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗುಣಿತ ನನ್ನದು, ತಪ್ಪಿದ್ದಲ್ಲಿ ನುಂಗಿಕೊಂಡು ಓದು.

ನಿನ್ನ ಹೆಂಡತಿಯ ಟೆಸ್ಟು ಏನು ಅಂತಲೇ ನಿನಗೆ ಗೊತ್ತಿಲ್ಲ. ಸುಮಿತ್ರಾಳನ್ನು ಆಸ್ಪತ್ರೆಗೆ ಕರಕೊಂಡು ಹೋದವಳು ನಾನು, ಕೇಳು. ಮಲಗುವ ಮುಂಚೆ ಒಂದು ಮಾತ್ರೆ ನುಂಗಿಸಿ, ಬೆಳಿಗ್ಗೆ ರಕ್ತ ತೆಗೀತಾರೆ. ಮನಸ್ಸಿಗೆ ಒತ್ತಡವಾದಾಗ ಮೈಯಲ್ಲಿ ಏರುವ ಹಾರ್ಮೋನು ಆ ಮಾತ್ರೆಗೆ ತಗ್ಗಿತೋ ಇಲ್ಲವೋ ನೋಡ್ತಾರೆ. ಇವಳದ್ದು ತಗ್ಗಿತು. ಅಷ್ಟೇ ಸಂಗತಿ. ‘ಖಿನ್ನತೆ ಇರುವ ಎಷ್ಟೋ ಜನಕ್ಕೂ ತಗ್ಗುತ್ತೆ ಮಾಜೀ, ಕಾಯಿಲೆ ಇಲ್ಲ ಅಂತ ಅದರ ಅರ್ಥವಲ್ಲ’ ಅಂತ ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು. ನನ್ನ ಹಿಂದಿ ತರಕಾರಿ ಭಯ್ಯಾನ ಹತ್ತಿರ ಕಲಿತದ್ದು, ಆದರೂ ತಿಳಿಯಿತು. ನೀನು ಕೇಳಲೇ ಇಲ್ಲ. ರಿಪೋರ್ಟು ನಿನ್ನ ಮೊಬೈಲಿಗೆ ಬಂದದ್ದೇ ತಡ, ಬಳಗದ ಗ್ರೂಪಿಗೆ ಹಾಕಿ ‘ದೇವರ ದಯೆ, ಸುಮಿತ್ರಾಗೆ ಏನೂ ಇಲ್ಲ, ಎಲ್ಲಾ ನಾರ್ಮಲ್’ ಅಂತ ಬರೆದೆ.

ಭಾನುವಾರ ನಿನ್ನ ದೊಡ್ಡಪ್ಪನ ಮಗಳು ಲಾವಣ್ಯಾ ಪೇಡೆ ಡಬ್ಬಿ ಹಿಡಿದು ಸಂಸಾರ ಸಮೇತ ಬಂದಳು. ‘ಏನೂ ಇಲ್ಲವಂತಲ್ಲ ಅತ್ತಿಗೆ, ಹಾಗಾದರೆ ನಿಮ್ಮ ಕೈಯ ಒಬ್ಬಟ್ಟು ಆಗಲಿ’ ಅಂದಳು. ಸ್ನಾನಕ್ಕೂ ಏಳಲಾರದವಳು ಎದ್ದು ಕಣಕ ಕಲಸಿದಳು. ನಾನು ಲಟ್ಟಣಿಗೆ ಕಿತ್ತುಕೊಳ್ಳಲು ಹೋದರೆ ‘ಬಿಡಿ ಅತ್ತೆ, ನನಗೇನಾಗಿದೆ’ ಅಂದಳು. ಬಂದವರು ತಿಂದು, ಕಟ್ಟಿಸಿಕೊಂಡೂ ಹೋದರು. ಅವಳು ರಜಾಯಿ ಮುಸುಕೆಳೆದವಳು ಇನ್ನೂ ಸರಿಯಾಗಿ ಎದ್ದಿಲ್ಲ. ‘ಅಜ್ಜಿ, ಮಮ್ಮಿ ನಾರ್ಮಲ್ ಹೈ, ಮತ್ತೆ ಏಳೋದಿಲ್ಲ ಯಾಕೆ’ ಅಂತ ಧನ್ಯಾ ಕೇಳ್ತಾಳೆ. ನಿನ್ನ ಮಗಳು, ನೀನೇ ಉತ್ತರ ಕೊಡು. ಪೇಡೆ ಫ್ರಿಜ್ಜಿನಲ್ಲಿದೆ, ಅದನ್ನೂ ನೀನೇ ತಿನ್ನು.

ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಕಿವಿಯನ್ನೂ ಕೊಡಲಿ.

ನಿನ್ನ ಅಮ್ಮ,
ಶಾರದಮ್ಮ

ತಾ.ಕ. ಇಷ್ಟು ಬರೆದು ಅವಳಿಗೆ ಡಾಕ್ಟರಮ್ಮ ದಿನಾ ನುಂಗಲು ಕೊಟ್ಟ ಖಿನ್ನತೆಯ ಮಾತ್ರೆ ಕೊಡೋಣ ಅಂತ ಎದ್ದರೆ ಡಬ್ಬಿ ಹಾಗೇ ತುಂಬಿದೆ. ನೀನು ಗ್ರೂಪಿಗೆ ಬರೆದಂದಿನಿಂದ ನುಂಗಿಯೇ ಇಲ್ಲವಂತೆ. ಡಾಕ್ಟರಮ್ಮನಿಗೆ ಫೋನ್ ಮಾಡಿಸಿದೆ. ನಾಳೆಯೇ ಕರಕೊಂಡು ಬನ್ನಿ, ಗಂಡನೂ ಬರಲಿ ಅಂದರು. ಇವಳು ‘ನಿಮ್ಮ ಮಗನೇ ಏನೂ ಇಲ್ಲ ಅಂದಮೇಲೆ ನಾನ್ಯಾಕೆ ಬರಲಿ ಅತ್ತೆ’ ಅಂತ ಗೋಡೆ ಕಡೆ ತಿರುಗಿದ್ದಾಳೆ. ರಜೆ ಬರೆದಿಟ್ಟು ಇವತ್ತಿನ ವಿಮಾನ ಹತ್ತು. ಗ್ರೂಪಿಗೆ ಏನೂ ಹಾಕಬೇಡ. ಬಂದು ಅವಳ ಪಕ್ಕ ಕೂತು, ‘ನಿನಗೆ ಕಾಯಿಲೆ ಇದೆ’ ಅಂತ ನಿನ್ನ ಬಾಯಿಂದ ಹೇಳು.