ಅವ್ವ ಕಟ್ಟಿದ ನಿಂಬೆಹಣ್ಣು

ಮೇಡ್ಲೇರಿ, ೧೨-೯-೨೦೦೭, ಬುಧವಾರ

ನಿನ್ನೆಯಿಂದ ಬೈಕಿನ ಫ್ಯೂಸು ಹಾಕಿದಂತೆಲ್ಲ ಸುಡುತ್ತಿತ್ತು. ಹೆರಿಗೆಗೆ ಬಂದಿರುವ ತಂಗಿ ಪುಷ್ಪಲತಾಗೆ ಇವತ್ತೋ ನಾಳೆಯೋ ಅನ್ನುವಂತಿದೆ. ನೋವು ಬಂದರೆ ಆಟೋ ಕರೆತರಲು ನಾನೇ ಓಡಬೇಕು. ಹೆದರಿ ಬ್ಯಾಟರಿ, ವೈರು ಎಲ್ಲ ಬಿಚ್ಚಿ ನೋಡಿದೆ.

ಕೊನೆಗೆ ಸಿಕ್ಕಿತು. ಅಮಾವಾಸ್ಯೆಗೆಂದು ಅವ್ವ ಹೆಡ್‌ಲೈಟಿನ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ದಾರ ಹರಿಯುತ್ತದೆಂದು ತಂತಿಯಲ್ಲಿ ಪೋಣಿಸಿದ್ದಳು. ಅದರ ತುದಿ ಹಾರ್ನಿನ ವೈರಿಗೆ ಚುಚ್ಚಿಕೊಂಡು ಶಾರ್ಟ್ ಆಗುತ್ತಿತ್ತು.

“ಅವ್ವಾ, ನಿನ್ನ ನಿಂಬಿಹಣ್ಣ ಫ್ಯೂಸ್ ತಿನ್ನಾಕತ್ತೈತಿ.”

“ದಾರದಾಗ ಕಟ್ಟೋ. ಬಿಚ್ಚಿ ಮಾತ್ರ ಒಗೀಬ್ಯಾಡ.”

ದಾರದಲ್ಲೇ ಕಟ್ಟಿದೆ. ಫ್ಯೂಸು ಸುಡುವುದು ನಿಂತಿತು. ಆದರೂ ನಂಬಿಕೆ ಬಾರದೆ ಮತ್ತೆ ಮತ್ತೆ ಹಾರ್ನ್ ಒತ್ತಿದೆ. ಮಲಗಿದ್ದ ಪುಷ್ಪಾ ಎದ್ದು ಕುಳಿತಳು.

“ಯಣ್ಣಾ, ಹಿಂಗ ಬಡಕೊಂಡ್ರ ಕೂಸು ಅಂಜಿ ಈಗ ಬರತೈತಿ ನೋಡು!”

ಈಗ ಮಲಗುವ ಹೊತ್ತು, ಬೈಕಿನ ಕೀ ದಿಂಬಿನ ಕೆಳಗಿದೆ. ಆ ದಾರದ ಗಂಟು ಬಿಗಿಯಾಗಿದೆಯೋ ಇಲ್ಲವೋ, ಇನ್ನೊಮ್ಮೆ ಎದ್ದು ನೋಡಿ ಬರುತ್ತೇನೆ.